ಮೂರು ತಾಲ್ಲೂಕು, ಹಲವು ಸಪ್ಪಳ

ಆಳಂದ ಬಿಟ್ಟಾಗ ಬೆಳಗಿನ ಏಳು ಗಂಟೆ. ಲಾಡ್ಲೆ ಮಶಾಕ ದರ್ಗಾದ ಕಡೆ ನಡೆದವರನ್ನು ದಾಟಿ ಊರ ಹೊರಗೆ ಬಂದದ್ದೇ ತಡ, ಕಾರಿನ ಹಿಂದುಗಡೆಯಿಂದ ಗಿಲಿಗಿಲಿ ಶುರುವಾಯಿತು. ಎರಡು ತಿಂಗಳಿಂದ ಈ ಸಪ್ಪಳ ನನ್ನ ತಲೆ ತಿಂದಿದೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ: ದಾರಿ ಮುಗಿಯುವುದರೊಳಗೆ ಗಾಡಿಯೊಳಗಿನ ಸಪ್ಪಳಗಳ ಮೂಲ ಹುಡುಕಲೇಬೇಕೆಂದು ಹೊರಟಿದ್ದೆ. ಸ್ಟೀಯರಿಂಗ್ ಹಿಡಿದವನೇ ಹುಡುಕುತ್ತ ಕೂಡುವುದು ಅಪಾಯ. ಅದಕ್ಕೇ ತಂಗಿಯ ಮಗನನ್ನು ಹಿಂದಿನ ಸೀಟಿನಲ್ಲಿ ಬ್ಯಾಟರಿ ಕೊಟ್ಟು ಕೂಡಿಸಿದ್ದೆ.

ಬೇವಿನ ಮರದ ಕೆಳಗೆ ನಿಲ್ಲಿಸಿ ಮೊದಲು ಗಾಡಿಯನ್ನು ಪೂರ್ತಿ ಖಾಲಿ ಮಾಡಿದೆವು. ನೀರಿನ ಬಾಟಲಿ, ಬಾಗಿಲ ಜೇಬಿನ ಚಿಲ್ಲರೆ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಹಳೆ ಕನ್ನಡಕ, ಎಲ್ಲವೂ ಹೊರಗೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಬೋಲ್ಟ್ ಬಿಗಿ ಮಾಡಿದೆವು, ಜಾಕ್ ಮತ್ತು ಪಾನಾವನ್ನು ಹಳೆ ಟಾವೆಲಿನಲ್ಲಿ ಸುತ್ತಿಟ್ಟೆವು. ಮತ್ತೆ ಹೊರಟರೂ ಗಿಲಿಗಿಲಿ ನಿಲ್ಲಲಿಲ್ಲ.

"ಮಾಮಾ, ಹೊಳ್ಳಿ ಅದೇ ತೆಗ್ಗಿನ ಮ್ಯಾಲ ಹೋಗ್ರಿ," ಎಂದ ಅಳಿಯ. ಹೋದೆ. ಹಿಂಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತುತ್ತ ಬಂದವನು ಜಾಕ್ ಇಡುವ ಗೂಡಿನ ಹತ್ತಿರ ನಿಂತ. ಬ್ಯಾಟರಿ ಬಿಟ್ಟು ನೋಡಿದರೆ ಗೂಡಿನ ಮೂಲೆಯಲ್ಲಿ ಹನ್ನೊಂದು ತೊಗರಿ ಕಾಳು! ಜನವರಿಯಲ್ಲಿ ರಾಶಿ ಮುಗಿದ ಮೇಲೆ ಹೊಲದಿಂದ ಒಂದು ಚೀಲ ತಂದಿದ್ದೆವು. ಚೀಲದ ಹೊಲಿಗೆ ಬಿಟ್ಟು ಉದುರಿದ ಕಾಳು, ಟೊಳ್ಳು ಪ್ಲಾಸ್ಟಿಕ್ಕಿನೊಳಗೆ ಕೂಸಿನ ಗಿಲಿಕೆಯಂತೆ ಆಡುತ್ತಿದ್ದವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಈ ಭಾಗದ ಎಷ್ಟು ಗಾಡಿಗಳಲ್ಲಿ ಅದರ ಕಾಳು ಹೀಗೆ ಸದ್ದು ಮಾಡುತ್ತಿವೆಯೋ.

ಮುಂದೆ ಎರಿ ಭೂಮಿ. ಈ ಕರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೆಚ್ಚು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಅಂಥ ಅಲೆಯಲೆ ರಸ್ತೆಯಲ್ಲಿ ಒಂದು ಚಕ್ರ ಏರಿದಾಗ ಇನ್ನೊಂದು ಇಳಿದು, ಗಾಡಿಯ ಮೈಯೇ ಕೂದಲೆಳೆಯಷ್ಟು ತಿರುಚುತ್ತದೆ. ಆಗ ಬಾಗಿಲ ಸುತ್ತಲಿನ ರಬ್ಬರು ಒಣಗಿದ್ದರೆ ಕಿರ್ ಎನ್ನುತ್ತದೆ. ಧೂಳು ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಕೈಗೆ ಸಿಕ್ಕ ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರು ಕೆಡುತ್ತದೆ.

ಕಬ್ಬಿನ ಹಂಗಾಮು ಮುಗಿದರೂ ತುಂಬಿದ ಟ್ರ್ಯಾಕ್ಟರುಗಳು ತೋಡಿದ ತೆಗ್ಗು ಉಳಿದಿವೆ. ಅವುಗಳ ಮೇಲೆ ಮುಂದಿನ ಎಡ ಚಕ್ರದ ಕೆಳಗಿನಿಂದ ಟಕ್ ಟಕ್ ಕೇಳತೊಡಗಿತು. ಅಫಜಲಪುರದಲ್ಲಿ ಮೊದಲು ಕಂಡ ಗ್ಯಾರೇಜಿಗೆ ಗಾಡಿ ಬಿಟ್ಟೆ. ಮೇಸ್ತ್ರಿ ಕೆಳಗೆ ಮಲಗಿ ಲಿಂಕ್ ರಾಡ್ ಹಿಡಿದು ಅಲುಗಾಡಿಸಿದರು. ಗಾಡಿ ತಿರುವಿನಲ್ಲಿ ವಾಲದಂತೆ ತಡೆಯುವ ಸರಳನ್ನು ಶಾಕಪ್ಪಿಗೆ ಸೇರಿಸುವ ಗೇಣುದ್ದದ ಕೊಂಡಿ ಅದು. ತುದಿಯ ಗುಂಡು ಸವೆದು ಕೈಗೇ ಟಕ್ ಎನ್ನುತ್ತಿತ್ತು. "ಒಳಗಿನ ಸಪ್ಪಳ ನಾಳಿ ನೋಡಿದ್ರೂ ನಡೀತದ ಸಾಹೇಬ್ರ, ತಳದ್ದು ಮಾತ್ರ ಇವತ್ತೇ ನೋಡ್ಬೇಕು," ಎಂದರು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹಾಡಿನ ದನಿ ಏರಿಸಿ ತಳದ ಸಪ್ಪಳ ಮುಚ್ಚಬೇಡಿ.

ಕೊಂಡಿ ಬದಲಾಗುವಷ್ಟರಲ್ಲಿ ಮಧ್ಯಾಹ್ನ. ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮುಟ್ಟಿದರೆ ಚುರುಕ್ ಎನ್ನುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಅದು ಈಗ ಕಟಕಟ ಎನ್ನುತ್ತಿತ್ತು. ಒಂದು ಮೀಟರ್ ಉಕ್ಕು 40 ಡಿಗ್ರಿ ಹೆಚ್ಚು ಕಾದರೆ ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಪ್ಲಾಸ್ಟಿಕ್ ಮೂರು ಮಿಲಿಮೀಟರಿನ ಆಸುಪಾಸು. ಎರಡನ್ನೂ ಹಿಡಿದ ಕ್ಲಿಪ್ಪುಗಳು ಈ ಎಳೆದಾಟದಲ್ಲೇ ಸಡಿಲಾಗುತ್ತವೆ. ನಾನು ಬಲಕ್ಕೆ ಕೈ ತೋರಿಸಿದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಕಿವಿ ನಂಬಬ್ಯಾಡ್ರಿ, ಕೈ ನಂಬ್ರಿ. ಗ್ಲಾಸಿಗೆ ಬಡದು ಹೊಳ್ಳಿ ಬರ್ತದ. ಬಲಕ ಕೇಳಿದ್ದು ಎಡಕ ಇರ್ತದ." ಇಂಜಿನ್ ಚಾಲೂ ಇಟ್ಟು ಬೆರಳಿನಿಂದ ಒತ್ತುತ್ತ ಹೋದರು. ಎಡ ತುದಿಯ ಗಾಳಿ ಜಾಳಿಗೆ ಒತ್ತಿದಾಗ ಸಪ್ಪಳ ಸತ್ತಿತು. ಜಾಳಿಗೆ ಬಿಡಿಸಿ, ಕುಶನ್ ಅಂಗಡಿಯಲ್ಲಿ ಸಿಗುವ ಫೆಲ್ಟಿನ ಅಂಟುಪಟ್ಟಿಯಿಂದ ಬೆರಳಗಲ ಕತ್ತರಿಸಿ ಕ್ಲಿಪ್ಪಿನ ಕೆಳಗೆ ಹಚ್ಚಿ ಕೂಡಿಸಿದರು. ಗೋಂದು ಸುರಿದರೆ ಮುಂದೆ ಬಿಚ್ಚುವಾಗ ಪ್ಲಾಸ್ಟಿಕ್ಕೇ ಮುರಿಯುತ್ತದೆ ಎಂದರು. ಇನ್ನೊಂದು ಎಚ್ಚರ: ಒಳಗೆ ಹಳದಿ ಪ್ಲಗ್ಗು, ಹಳದಿ ವೈರು ಕಂಡರೆ ಕೈ ಹಿಂದೆಗೆಯಬೇಕು, ಅದು ಏರ್‌ಬ್ಯಾಗಿನದು. ಕಂಬದ ಪಟ್ಟಿಗಳ ಹಿಂದೆ ಹತ್ತಿ, ಸ್ಪಂಜು ತುರುಕುವ ಅಭ್ಯಾಸ ಕೆಟ್ಟದ್ದು. ಪರದೆಯಂತೆ ತೆರೆಯುವ ಏರ್‌ಬ್ಯಾಗು ಇದ್ದರೆ ಅದಕ್ಕೆ ಅಡ್ಡಿ. ಹೊರಡುವ ಮುಂಚೆ ಟೈರಿನ ಗಾಳಿಯನ್ನೂ ನೋಡಿದರು. ಚಾಲಕನ ಬಾಗಿಲ ಚೀಟಿಯಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚಿತ್ತು. ಕಲ್ಲಿನಂತೆ ಬಿಗಿದ ಟೈರು ಪ್ರತಿ ಹರಳನ್ನೂ ಒಳಗೆ ಕಳಿಸುತ್ತದೆ.

ಚೌಡಾಪುರದಲ್ಲಿ ಗಾಣಗಾಪುರದ ದತ್ತನ ಭಕ್ತರ ಗಾಡಿಗಳ ಸಾಲು. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಗಾಣಗಾಪುರದ ಹತ್ತಿರವೇ ಭೀಮೆಗೆ ಸೇರುತ್ತದೆ. ಕಲಬುರಗಿ ಸುತ್ತಿ ರಾಷ್ಟ್ರೀಯ ಹೆದ್ದಾರಿ 50 ಹಿಡಿದೆವು. ನುಣ್ಣನೆಯ ರಸ್ತೆ, ಗಾಡಿ ಮೌನ. ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ಏರಿದಾಗ ಮಾತ್ರ ಹೊಸದೊಂದು ಟೊಕ್. ಸೇತುವೆಯ ಪ್ರತಿ ಸಂದಿಗೂ ಒಂದು. ಅಳಿಯ ನನ್ನ ಪಕ್ಕದ ಖಾಲಿ ಸೀಟಿನ ಬೆಲ್ಟಿನ ಲೋಹದ ನಾಲಿಗೆಯನ್ನು ಹಿಡಿದ. ನಿಂತಿತು. ಬಿಟ್ಟ. ಟೊಕ್. ನಡುಕಂಬದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದ್ದ ಆ ನಾಲಿಗೆಯನ್ನು ಕೊಂಡಿಗೆ ಸಿಕ್ಕಿಸಿದ. ಉಳಿದ ಸಂದಿಗಳ ಮೇಲೆ ಟೈರಿನ ದನಿ ಬಿಟ್ಟರೆ ಬೇರೇನಿಲ್ಲ.

ಜೇವರ್ಗಿ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಲೆಕ್ಕ ಹಾಕಿದೆವು. ಒಂದು ಉಳಿದಿದೆ. ನನ್ನ ಕಡೆಯ ಕಿಟಕಿ ಅರ್ಧ ಇಳಿಸಿದಾಗ ಮಾತ್ರ ಗ್ಲಾಸು ನಡುಗುತ್ತದೆ. ಅದಕ್ಕೆ ಬಾಗಿಲ ಒಳಹಲಗೆ ಬಿಚ್ಚಬೇಕು. ಬಿಚ್ಚುವ ಮುಂಚೆ ಹೊಸ ಕ್ಲಿಪ್ಪು ತಂದಿಟ್ಟುಕೊಳ್ಳಬೇಕು, ಹಳೆಯವು ಕೀಳುವಾಗಲೇ ಮುರಿಯುತ್ತವೆ. "ಐತವಾರ ಮಾಡೋಣ್ರಿ ಮಾಮಾ," ಎಂದ ಅಳಿಯ.