ಕಲ್ಯಾಣ ಕ್ಷೇತ್ರ: ಓಟಿನ ತೂಕ

ಕಲ್ಯಾಣ ಲೋಕಸಭಾ ಕ್ಷೇತ್ರ ಬೇರೆಯಾದದ್ದು 2008ರ ಪುನರ್ವಿಂಗಡಣೆಯಲ್ಲಿ. ಅದಕ್ಕೆ ಮೊದಲು ನಮ್ಮ ಡೊಂಬಿವಲಿ ಠಾಣೆ ಕ್ಷೇತ್ರಕ್ಕೆ ಸೇರಿತ್ತು. ಹೆಸರು ಕಲ್ಯಾಣವೆಂದಿದ್ದರೂ ಕಲ್ಯಾಣ ಪಶ್ಚಿಮದವರು ಓಟು ಹಾಕೋದು ಭಿವಂಡಿಗೆ!

2009ರ ಮೊದಲ ಚುನಾವಣೆಯಲ್ಲಿ ಶಿವಸೇನೆಯ ಆನಂದ ಪರಾಂಜಪೆ, ರಾಷ್ಟ್ರವಾದಿ ಕಾಂಗ್ರೆಸ್ಸಿನ ವಸಂತ ಡಾವಖರೆಯವರನ್ನು ಸೋಲಿಸಿದ್ದು ಸುಮಾರು 24 ಸಾವಿರ ಮತಗಳಿಂದ. ಮೂರನೆಯದಾಗಿ ಬಂದ ರಾಜ್ ಠಾಕರೆಯವರ ಮನಸೆಗೆ ಒಂದು ಲಕ್ಷಕ್ಕೂ ಮಿಕ್ಕಿ ಓಟು ಬಿದ್ದವು. ಅದರಲ್ಲಿ ಕಾಲುಭಾಗ ಆಚೀಚೆಯಾಗಿದ್ದರೂ ಫಲಿತಾಂಶ ಬೇರೆಯಾಗಬಹುದಿತ್ತು. ಇಂಥದಕ್ಕೇ ತೂಗುವ ಕ್ಷೇತ್ರ ಅಂತಾರೆ.

ಆಮೇಲೆ 2014, 2019, 2024ರಲ್ಲಿ ಶ್ರೀಕಾಂತ ಶಿಂದೆ ಗೆದ್ದದ್ದು ಎರಡು ಲಕ್ಷ ಮೀರಿದ ಅಂತರದಿಂದ. ಅಂತರ ಹಿಗ್ಗಿದಷ್ಟೂ ಕನ್ನಡಿಗರಂಥ ಸಣ್ಣ ಗುಂಪಿನ ಬಾಗಿಲು ತಟ್ಟುವ ಗರಜು ಪಕ್ಷಗಳಿಗೆ ಕಡಿಮೆ. ಹಾಗಂತ ಮನೇಲಿ ಕೂತರೆ? ತಕ್ಕಡಿ ಮತ್ತೆ ತೂಗುವ ದಿನ ನಮ್ಮ ಓಟು ಅದರಲ್ಲಿ ಇರೋದೇ ಇಲ್ಲ.