ಸಾಗಣೆಯಲ್ಲಿ ಜಿಮ್ ಬಿಡಿಭಾಗಗಳ ರಕ್ಷಣೆ

ವ್ಯಾಯಾಮ ಉಪಕರಣಗಳ ಬಿಡಿಭಾಗಗಳು ತೂಕದಲ್ಲಿ ಭಾರ, ಹೊರಮೈಯಲ್ಲಿ ನಾಜೂಕು. ಎರಕದ ಪ್ಲೇಟಿನ ಪಕ್ಕದಲ್ಲಿಯೇ ಕ್ರೋಮ್ ಲೇಪಿತ ಸರಳನ್ನಿಟ್ಟು ಪೆಟ್ಟಿಗೆ ಕಟ್ಟಿದರೆ, ಲಾರಿ ಕುಲುಕಿದಾಗಲೆಲ್ಲ ಅವು ಒಂದಕ್ಕೊಂದು ಬಡಿಯುತ್ತವೆ. ಆದ್ದರಿಂದ ಪೆಟ್ಟಿಗೆಯೊಳಗಿನ ಚಲನೆಯನ್ನು ತಡೆಯುವುದೇ ಮೊದಲ ಕೆಲಸ.

ಭಾರದ ಭಾಗಗಳನ್ನು ತಳದ ಹಲಗೆಗೆ ಪಟ್ಟಿಯಿಂದ ಬಿಗಿಯಬೇಕು. ಸರಳು, ರಾಟೆ, ಬೇರಿಂಗುಗಳಿಗೆ ಪ್ರತ್ಯೇಕ ಖಾನೆಗಳಿರಲಿ. ಥ್ರೆಡ್ ಇರುವ ತುದಿಗಳಿಗೆ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಬೇಕು. ಹಾಗಲವಾಡಿ ಸೇರಿದಂತೆ ಗುಬ್ಬಿ ತಾಲ್ಲೂಕಿನ ತೆಂಗಿನ ಸೀಮೆಯವರಿಗೆ ತೆಂಗಿನ ನಾರು ಹೊಸದಲ್ಲ. ಅದರ ಹಾಸು ಕುಲುಕಾಟವನ್ನು ತಾಳಿಕೊಳ್ಳುತ್ತದೆ. ಆದರೆ ನಾರು ತೇವವನ್ನು ಹೀರುವುದರಿಂದ, ಲೋಹಕ್ಕೆ ಎಣ್ಣೆ ಸವರಿ ಪ್ಲಾಸ್ಟಿಕ್ ಹಾಳೆ ಸುತ್ತಿದ ನಂತರವೇ ಬಳಸತಕ್ಕದ್ದು. ಕಟ್ಟಿದ ಪೆಟ್ಟಿಗೆಯನ್ನು ಅಲುಗಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟುವುದು ಲೇಸು.

ಇಷ್ಟಾದರೂ ಹಾನಿ ಸಂಭವಿಸಬಹುದು. 2011ರ ಮಾರ್ಚ್ 1ರಿಂದ ಜಾರಿಯಲ್ಲಿರುವ, 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳಂತೆ, ಹೆಚ್ಚಿನ ಹೊಣೆಯ ದರವನ್ನು ತೆರಲು ಒಪ್ಪದಿದ್ದಲ್ಲಿ ಸಾಗಣೆದಾರರ ಹೊಣೆಯು ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, ರೂ. 800 ಬಾಡಿಗೆಗೆ ಕಳುಹಿಸಿದ ರೂ. 40,000 ಮೌಲ್ಯದ ಸರಕು ನಾಶವಾದರೆ ದೊರೆಯುವುದು ಹೆಚ್ಚೆಂದರೆ ರೂ. 8,000. ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡದಿದ್ದರೆ ದಾವೆ ಹೂಡುವ ಹಕ್ಕೂ ಉಳಿಯದು.

ಆದುದರಿಂದ ಉದ್ಯಮಿಗಳು ಸರಕಿನ ನಿಜವಾದ ಮೌಲ್ಯವನ್ನು ಬುಕಿಂಗ್ ಪತ್ರದಲ್ಲಿ ನಮೂದಿಸಿ, ಬೆಲೆಬಾಳುವ ಸರಕಿಗೆ ಹೆಚ್ಚಿನ ದರವನ್ನೋ ವಿಮೆಯನ್ನೋ ಆರಿಸಿಕೊಳ್ಳಬೇಕು. ಪೆಟ್ಟಿಗೆ ಜಖಂಗೊಂಡಿದ್ದರೆ ಅದನ್ನು ರಶೀದಿಯಲ್ಲಿ ಬರೆದ ನಂತರವೇ ಸಹಿ ಹಾಕುವಂತೆ ಗ್ರಾಹಕರಿಗೂ ಮುಂಚಿತವಾಗಿ ತಿಳಿಸತಕ್ಕದ್ದು.