ಸದ್ದು ಜಾಸ್ತಿ, ಸ್ಪೀಡು ನಾಸ್ತಿ

ಚಿಕ್ಕಪ್ಪ ಹೊಸ ಕಾರು ತಗೊಂಡು ತಮ್ಮ 2003ರ ಮಾರುತಿ ಝೆನ್ ಅನ್ನು ನಮ್ಮ ಮನೆಗೆ ಬಿಟ್ಟುಹೋದಾಗ ನಾನು ಸೆಕೆಂಡ್ ಪಿಯುಸಿ. ಲೈಸೆನ್ಸ್ ಕೈಗೆ ಬಂದ ದಿನದಿಂದ ಆ ಕಾರಿನ ಮೇಲೆ ನನ್ನದು ಒಂದೇ ದೂರು. ಅದು ಸದ್ದೇ ಮಾಡುವುದಿಲ್ಲ!

ತಪ್ಪು ನನ್ನೊಬ್ಬನದಲ್ಲ. ಚಿಕ್ಕಮಗಳೂರು ಕಡೆಯ ಹುಡುಗರು ರ‍್ಯಾಲಿ ನೋಡಿಯೇ ಬೆಳೆದವರು. ಕಾಫಿ ತೋಟದ ಮಣ್ಣುರಸ್ತೆಯಲ್ಲಿ ಜಿಪ್ಸಿ, ಎಸ್ಟೀಮ್, ಸೀಡಿಯಾಗಳು ಬರುವಾಗ ಮೊದಲು ಕೇಳಿಸುವುದು ಸದ್ದು, ಆಮೇಲೆ ಕಾಣುವುದು ಧೂಳು, ಕೊನೆಗೆ ಕಾರು. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತನ್ನು ಗೌರವ್ ಗಿಲ್ ಇಲ್ಲೇ ಗೆದ್ದಾಗ ನಾನಿನ್ನೂ ಪ್ರೈಮರಿ ಶಾಲೆ. ಅದೇ ಗಿಲ್ 2013ರಲ್ಲಿ ಇಡೀ ಚಾಂಪಿಯನ್‌ಷಿಪ್ ಗೆದ್ದದ್ದು ಟರ್ಬೊ ಇಲ್ಲದ 2 ಲೀಟರ್ ಎಂಜಿನ್ನಿನ ಸ್ಕೋಡಾ ಫಾಬಿಯಾ ಎಸ್2000 ಕಾರಿನಲ್ಲಿ ಎಂದು ಓದಿದ ಮೇಲೆ ನನ್ನ ತಲೆ ಪೂರ್ತಿ ಕೆಟ್ಟಿತು. ಅವರದ್ದೂ ಟರ್ಬೊ ಇಲ್ಲದ ಕಾರು, ನಮ್ಮದೂ ಟರ್ಬೊ ಇಲ್ಲದ ಕಾರು. ಮಿಕ್ಕ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ.

ರಜೆಯಲ್ಲಿ ನಮ್ಮ ತೋಟದ ಮೆಣಸು ಕುಯ್ದಿದ್ದಕ್ಕೆ ಅಪ್ಪ ಕೂಲಿ ಲೆಕ್ಕ ಹಾಕಿ ಕೊಟ್ಟಿದ್ದರು. ಅದಕ್ಕೆ ಸ್ಕಾಲರ್‌ಷಿಪ್ ಹಣ ಸೇರಿಸಿದೆ. ದೊಡ್ಡ ಊರಿನ ಅಂಗಡಿಯೊಂದರಲ್ಲಿ ಅಗಲವಾದ ಪೈಪು, ಫ್ರೀ-ಫ್ಲೋ ಸೈಲೆನ್ಸರ್, ಎಂಜಿನ್ ಪಕ್ಕದಲ್ಲೇ ಬಾಯಿ ತೆರೆದು ಕೂರುವ ಕೋನ್ ಏರ್ ಫಿಲ್ಟರ್ ಹಾಕಿಸಿದೆ. ಒಟ್ಟು 21,500 ರೂಪಾಯಿ. ಕೀ ತಿರುಗಿಸಿದಾಗ ಬಂದ ಸದ್ದಿಗೆ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಈಗಲೂ ಆ ಕ್ಷಣ ನೆನೆದರೆ ಖುಷಿಯಾಗುತ್ತದೆ.

ಖುಷಿ ಚಾರ್ಮಾಡಿ ಘಾಟಿಯ ಬುಡದವರೆಗೆ ಇತ್ತು. ಏರು ಶುರುವಾದಾಗ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುತ್ತಿದ್ದ ತಿರುವಿನಲ್ಲೂ ಎರಡನೇ ಗೇರಿಗೆ ಇಳಿಸಬೇಕಾಯಿತು. ಹಿಂದೆ ಬಂದ ಒಂದು ಓಮ್ನಿ ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿತು. ಅದರೊಳಗೆ ಎಂಟು ಜನ ಇದ್ದರು.

ಏನಾಯಿತು ಎಂದು ಅರ್ಥವಾಗಲು ಮೂರನೇ ಸೆಮಿಸ್ಟರಿನ ಥರ್ಮೊಡೈನಮಿಕ್ಸ್ ಪುಸ್ತಕವನ್ನು ಮತ್ತೆ ತೆಗೆಯಬೇಕಾಯಿತು. (ಪರೀಕ್ಷೆಗೆ ಇಷ್ಟು ಶ್ರದ್ಧೆಯಿಂದ ಓದಿದ್ದರೆ ಬೇರೆ ಮಾತು.) ಟರ್ಬೊ ಕಾರಿನಲ್ಲಿ ಹೊರಹೋಗುವ ಹೊಗೆಯೇ ಒಂದು ಪುಟ್ಟ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಝೆನ್‌ಗೆ ಆ ಭಾಗ್ಯವಿಲ್ಲ. ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಷ್ಟು ಗಾಳಿ ಬಂತೋ ಅಷ್ಟೇ. 993 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. 6,000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ನಿಮಿಷಕ್ಕೆ ಹೆಚ್ಚೆಂದರೆ 3,000 ಲೀಟರ್. ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಮೂರು!

ಆ ಗಾಳಿಯೂ ಎಲ್ಲ ಕಡೆ ಒಂದೇ ಅಲ್ಲ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಮೂಡಿಗೆರೆ 900 ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡ 10ರಷ್ಟು ಕಡಿಮೆ. ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ನಮ್ಮಂಥ ಕಾರು ಹಾಗೇ ಅನುಭವಿಸಬೇಕು. ಕಂಪನಿ ಕೊಟ್ಟ 60 ಅಶ್ವಶಕ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ 54ರ ಹತ್ತಿರ ಬಂದಿರುತ್ತದೆ. ಆರು ಕುದುರೆ ಘಾಟಿಯಲ್ಲೇ ಉಳಿದವು.

ಇಷ್ಟು ಬಡತನದ ಮೇಲೆ ನಾನು ಮಾಡಿದ್ದೇನು? ಕೋನ್ ಫಿಲ್ಟರ್ ಹೊರಗಿನ ತಣ್ಣನೆಯ ಗಾಳಿ ಬಿಟ್ಟು ಬಾನೆಟ್ಟಿನೊಳಗಿನ ಬಿಸಿಗಾಳಿ ಎಳೆಯತೊಡಗಿತು. ಬಿಸಿಗಾಳಿ ತೆಳು, ಅದರಲ್ಲಿ ಆಮ್ಲಜನಕ ಇನ್ನೂ ಕಡಿಮೆ. ಅಗಲದ ಪೈಪಿನದು ಬೇರೆ ಕಥೆ. ಹೊಗೆ ಸಲೀಸಾಗಿ ಹೊರಹೋದರೆ ಒಳ್ಳೆಯದೇ, ಆದರೆ ಅದು ವೇಗವಾಗಿಯೂ ಹೋಗಬೇಕು. ಒಂದು ಸಿಲಿಂಡರಿನ ಹೊಗೆ ಜೋರಾಗಿ ಓಡಿದಾಗ ಅದರ ಹಿಂದೆ ಉಂಟಾಗುವ ಸೆಳೆತ ಮುಂದಿನ ಸಿಲಿಂಡರನ್ನು ಖಾಲಿ ಮಾಡಲು ನೆರವಾಗುತ್ತದೆ. ಗದ್ದೆಗೆ ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ, ನೀರಿನ ರಭಸ ಗೊತ್ತಾಗುತ್ತದೆ. ಸಣ್ಣ ಎಂಜಿನ್ನಿಗೆ ತೀರಾ ಅಗಲದ ಪೈಪು ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಆ ರಭಸವೇ ಸತ್ತುಹೋಗುತ್ತದೆ. ರ‍್ಯಾಲಿ ಕಾರಿಗೆ ಇದು ಹೊಂದುತ್ತದೆ, ಏಕೆಂದರೆ ಅದರ ಕ್ಯಾಮ್‌ಶಾಫ್ಟ್, ಕಂಪ್ರೆಷನ್, ಗೇರ್ ಎಲ್ಲವನ್ನೂ ಮೇಲಿನ ಆರ್‌ಪಿಎಂಗೆಂದೇ ಬದಲಿಸಿರುತ್ತಾರೆ. ನಾನು ಬದಲಿಸಿದ್ದು ಬಾಲವನ್ನು ಮಾತ್ರ.

ಅಂದಾಜು ಬೇಡ ಎಂದು ಕಣದ ಪಕ್ಕದ ನಮ್ಮದೇ ಏರಿನಲ್ಲಿ ಅಳೆದೆ. ಎರಡನೇ ಗೇರು, 20ರಿಂದ 40 ಕಿ.ಮೀ. ವೇಗಕ್ಕೆ. ತಮ್ಮ ಪಕ್ಕದಲ್ಲಿ ಕೂತು ಸ್ಪೀಡೋಮೀಟರ್ ವಿಡಿಯೊ ಮಾಡಿದ. ಮಾಡಿಫಿಕೇಷನ್ನಿಗೆ ಮೊದಲು ಇದೇ ಜಾಗದಲ್ಲಿ ತೆಗೆದಿದ್ದ ವಿಡಿಯೊದಲ್ಲಿ 5.4 ಸೆಕೆಂಡ್. ಈಗ ಮೂರು ಸಲದ ಸರಾಸರಿ 6.1. ದುಡ್ಡು ಕೊಟ್ಟು ಕಾರನ್ನು ನಿಧಾನ ಮಾಡಿಸಿಕೊಂಡಿದ್ದೆ.

ಆದರೂ ತೆಗೆಸಲಿಲ್ಲ. ಸದ್ದಿನ ಮೋಹ ಅಂಥದ್ದು.

ಅಜ್ಜಿಯನ್ನು ಕಣ್ಣಿನ ಚಿಕಿತ್ಸೆಗೆ ಮಂಗಳೂರಿಗೆ ಕರೆದೊಯ್ದ ದಿನ ಅವರು ದಾರಿಯುದ್ದಕ್ಕೂ ಸೆರಗು ಕಿವಿಗೆ ಒತ್ತಿಕೊಂಡು ಕೂತಿದ್ದರು. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಬಡಿಯುತ್ತದೆ. ನಮ್ಮ ಕಾರಿನ ಒಳಗೆ ಗುಂಯ್‌ಗುಡುವಿಕೆ ಅತಿ ಜೋರಾಗುತ್ತಿದ್ದುದು ಸರಿಯಾಗಿ ಅಲ್ಲೇ, ಘಾಟಿ ಹತ್ತುವ ಆರ್‌ಪಿಎಂನಲ್ಲೇ. ಇಳಿದ ಮೇಲೆ ಅಜ್ಜಿ ಅಂದದ್ದು ಇಷ್ಟೇ: "ಏನ್ ಮಗ, ಪಲ್ಪರ್ ಮೇಲೆ ಕೂತು ಬಂದಂಗಾಯ್ತು."

ಅದಕ್ಕೂ ನಕ್ಕು ಸುಮ್ಮನಾಗಿದ್ದೆ. ನಗು ನಿಂತದ್ದು ಒಂದು ಸಂಜೆ. ನಮ್ಮ ಭಾಗದಲ್ಲಿ ಆನೆ ಓಡಾಟ ಇರುವುದು ನಿಮಗೂ ಗೊತ್ತಿರುತ್ತದೆ. ಕತ್ತಲಾಗುವ ಹೊತ್ತು ಕಾಲೇಜಿನಿಂದ ಬರುತ್ತಿದ್ದೆ. ಕೆಲಸ ಮುಗಿಸಿ ಹೋಗುತ್ತಿದ್ದ ನಾಲ್ಕು ಜನ ರಸ್ತೆ ಬದಿಗೆ ಸರಿದು ನಿಂತು ಕೈ ಅಡ್ಡ ಹಿಡಿದರು. ನಮ್ಮ ತೋಟಕ್ಕೂ ಕೆಲಸಕ್ಕೆ ಬರುವ ಅಕ್ಕ ಕಿಟಕಿ ಹತ್ತಿರ ಬಂದು ಅಂದರು: "ತಮ್ಮಾ, ಕೆಳಗಿನ ತೋಟಕ್ಕೆ ಆನೆ ಬಂದಿದೆ ಅಂತ ಮೆಸೇಜ್ ಬಂದಿದೆ. ನಮಗೆ ಮೊದ್ಲು ಗೊತ್ತಾಗೋದು ಕಿವಿಗೇ ಅಲ್ವಾ, ಬಗನಿ ಮುರಿಯೋ ಸದ್ದು. ನಿನ್ನ ಕಾರು ಬಂದ್ರೆ ಎರಡು ನಿಮಿಷ ನಮಗೆ ಏನೂ ಕೇಳ್ಸಲ್ಲ."

ಬೈದಿದ್ದರೆ ವಾಸಿಯಿತ್ತು. ಎಂಜಿನ್ ಆಫ್ ಮಾಡಿ, ಅವರು ತಿರುವು ದಾಟಿ ಲೈನ್ ಮನೆಯ ದೀಪದ ಹತ್ತಿರ ತಲುಪುವವರೆಗೆ ಅಲ್ಲೇ ಕೂತಿದ್ದೆ. ಅಷ್ಟು ಸಣ್ಣ ಸದ್ದುಗಳೆಲ್ಲ ಆ ದಾರಿಯಲ್ಲಿ ಇದ್ದವು ಎಂಬುದೇ ನನಗೆ ಮರೆತುಹೋಗಿತ್ತು.

ಕಾನೂನು ಓದಿದ್ದು ಆಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಈಗಿನ ಕಾರುಗಳು ಓಡುವಾಗ 7.5 ಮೀಟರ್ ದೂರದಿಂದ ಅಳೆದರೆ ಸದ್ದು 74 ಡೆಸಿಬೆಲ್ ದಾಟಬಾರದು. ಆ ಮಿತಿಯೊಳಗೆ ಕಾರಿಗೆ ಒಂದು ಒಳ್ಳೆಯ ದನಿ ಕೊಡುವುದೇ ಒಂದು ವೃತ್ತಿ. ಎನ್‌ವಿಎಚ್ ಎಂಜಿನಿಯರ್ ಎಂದು ಕಾರು ಕಂಪನಿಗಳು ಕೆಲಸಕ್ಕೆ ತಗೊಳ್ಳುತ್ತವೆ. ಮೆಕ್ಯಾನಿಕಲ್ ಓದುವ ಗೆಳೆಯರು ಈ ಮೂರಕ್ಷರ ಗಮನದಲ್ಲಿಡಿ. ನನ್ನ ಪ್ರಾಜೆಕ್ಟ್ ವಿಷಯವೂ ಈಗ ಅದೇ.

ಹಳೆಯ ಸೈಲೆನ್ಸರನ್ನು ಅಪ್ಪ ಎಸೆದಿರಲಿಲ್ಲ. ಗೊಬ್ಬರದ ಚೀಲದಲ್ಲಿ ಸುತ್ತಿ ಗೋಡೌನಿನ ಅಟ್ಟದಲ್ಲಿಟ್ಟಿದ್ದರು, ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೂಡಿಗೆರೆಯ ಗ್ಯಾರೇಜಿನಲ್ಲಿ ಅದನ್ನು ಮತ್ತೆ ಹಾಕುವಾಗ ಮೆಕ್ಯಾನಿಕ್ ಅಣ್ಣ ಬಾನೆಟ್ ತೆಗೆದು ನೋಡಿ, "ಮೊದ್ಲು ಇರೋ ಕುದುರೆಗೆ ಹುಲ್ಲು ಹಾಕೋ ಮಾರಾಯ" ಎಂದರು. ಸ್ಪಾರ್ಕ್ ಪ್ಲಗ್ ಸವೆದಿದ್ದವು, ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿತ್ತು, ಮುಂದಿನ ಒಂದು ಬ್ರೇಕ್ ಅರೆಬರೆ ಹಿಡಿದೇ ಇತ್ತು. ಕಂಪನಿಯ ಏರ್ ಫಿಲ್ಟರ್ ಡಬ್ಬಿಗೆ ಹೊಸ ಫಿಲ್ಟರ್ ಬಿತ್ತು. ಟ್ಯಾಪೆಟ್ ಸೆಟ್ ಮಾಡಿ, ಟೈರಿಗೆ ಸರಿಯಾಗಿ ಗಾಳಿ ತುಂಬಿದರು. ಡಿಕ್ಕಿಯಲ್ಲಿದ್ದ ನನ್ನ ಸಬ್‌ವೂಫರ್ ಪೆಟ್ಟಿಗೆಯನ್ನೂ ಇಳಿಸಿದರು. ಬಿಲ್ಲು 4,200 ರೂಪಾಯಿ. ಅದೇ ಏರಿನಲ್ಲಿ ಈಗ 4.9 ಸೆಕೆಂಡ್.

ಹೋದ ತಿಂಗಳು ಅಜ್ಜಿಯನ್ನು ಮತ್ತೆ ಮಂಗಳೂರಿಗೆ ತೋರಿಸಿಕೊಂಡು ಬಂದೆವು. ಘಾಟಿ ಹತ್ತಿ ಬಣಕಲ್ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಅವರ ಗೊರಕೆ ಕೇಳಿಸುತ್ತಿತ್ತು. ಫ್ರೀ-ಫ್ಲೋ ಸೈಲೆನ್ಸರ್ ಈಗ ಅಟ್ಟದ ಮೇಲಿದೆ. ಗೆಳೆಯನೊಬ್ಬ 3,000 ಕೊಡುತ್ತೇನೆ ಎನ್ನುತ್ತಿದ್ದಾನೆ, ನಾನಿನ್ನೂ ಹೂಂ ಅಂದಿಲ್ಲ.